ಹೋಗಿ ಬಾ ಎಂದು ಕಳಿಸಿದ ಗುಂಡು

ಸೋರುತ್ತದೆಯೋ ಇಲ್ಲವೋ ಎಂದು ನೋಡುವುದೇ ನನ್ನ ಉದ್ಯೋಗವಾಗಿತ್ತು. ಮೂವತ್ತಾರು ವರ್ಷ ಅದನ್ನೇ ನೋಡಿದೆ. ಮೆಟ್ಟೂರಿನಲ್ಲಿ ಒಂದು ಶೆಡ್ಡು. ಅಲ್ಲಿ ಹಾಲಿನ ಟ್ಯಾಂಕು, ಗಾಳಿಯ ಸಿಲಿಂಡರು, ಕಾರ್ಖಾನೆಗಳಿಗೆ ಬೇಕಾದ ದೊಡ್ಡ ಪೀಪಾಯಿಗಳನ್ನೆಲ್ಲ ವೆಲ್ಡಿಂಗ್ ಮಾಡಿ ಕೂಡಿಸುತ್ತಿದ್ದರು. ವೆಲ್ಡಿಂಗ್ ಮುಗಿದ ಮೇಲೆ ಒಳಗೆ ಗಾಳಿ ತುಂಬಿ, ಹೊರಗೆ ನೊರೆ ಬಳಿದು, ಎಲ್ಲಾದರೂ ಗುಳ್ಳೆ ಏಳುತ್ತದೆಯೇ ಎಂದು ಕೂತು ನೋಡುವವನು ನಾನು. ಮಕ್ಕಳು ಬಚ್ಚಲಲ್ಲಿ ಆಡಿದರೆ ಬೈಸಿಕೊಳ್ಳುವ ಆಟಕ್ಕೆ ನನಗೆ ತಿಂಗಳು ತಿಂಗಳು ಸಂಬಳ ಕೊಡುತ್ತಿದ್ದರು.

ಈಗ ಐಟಿಐ ಮುಗಿಸಿ ಈ ಕೆಲಸಕ್ಕೆ ಸೇರುವವರು ನನ್ನನ್ನು ಕಂಡರೆ ರಾಕೆಟ್ಟಿನ ವಿಷಯ ಒಂದನ್ನೇ ಕೇಳುತ್ತಾರೆ. ಹೇಳುತ್ತೇನೆ. ಆದರೆ ರಾಕೆಟ್ಟು ಬಂದದ್ದು ಕೊನೆಯ ವರ್ಷ. ಅದಕ್ಕೆ ಮೊದಲಿನ ಮೂವತ್ತೈದು ವರ್ಷ ಹಾಲಿನ ಟ್ಯಾಂಕುಗಳದ್ದು. ಅವನ್ನು ಹಾರಿಸಿಬಿಟ್ಟರೆ ರಾಕೆಟ್ಟು ಹಾರಿದ್ದು ನಿಮಗೆ ಅರ್ಥವಾಗುವುದಿಲ್ಲ. ನಮ್ಮ ಊರು ಕೊಳತ್ತೂರಿನ ಪಕ್ಕ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಕನ್ನಡದ ಅಕ್ಷರ ಬಂದದ್ದು ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿ ಮೂರು ವರ್ಷ ಇದ್ದುದರಿಂದ. ಹಾಗಾಗಿ ನನ್ನ ಬರಹದಲ್ಲಿ ಎಲ್ಲಾದರೂ ಸೋರಿದರೆ ಅದನ್ನು ನೀವೇ ನೋಡಿಕೊಳ್ಳಿ.

ನಾನು ಸೇರಿದ್ದು ವೆಲ್ಡರ್ ಆಗಿ. ನಾನು ವೆಲ್ಡಿಂಗ್ ಮಾಡಿದ ಜಾಗವೆಲ್ಲ ಸೋರುತ್ತಿತ್ತು. ಆರೋಗ್ಯಂ ಎಂಬ ಮೇಸ್ತ್ರಿ ಮೂರು ತಿಂಗಳು ತಡೆದುಕೊಂಡರು. ಆಮೇಲೆ ಒಂದು ದಿನ ನನ್ನ ಕೈಯಿಂದ ಹೋಲ್ಡರ್ ಕಿತ್ತುಕೊಂಡು, "ಉನಕ್ಕು ಕೈ ಸರಿಯಿಲ್ಲೆ, ಕಣ್ಣಾದ್ದು ಸರಿಯಾ ಇರುಕ್ಕಾ ಪಾಪ್ಪೋಂ" ಅಂದರು. ಕೈ ಸರಿಯಿಲ್ಲದವನಿಗೆ ಕಣ್ಣಾದರೂ ಸರಿ ಇದೆಯೇ ನೋಡೋಣ ಎಂದು ಕೈಗೆ ನೊರೆಯ ಬಕೆಟ್ಟು ಕೊಟ್ಟರು. ಕಣ್ಣು ಸರಿಯಾಗಿತ್ತು. ನನ್ನದೇ ಸೋರುವ ಬೆಸುಗೆಗಳನ್ನು ಮೂರು ತಿಂಗಳು ನೋಡಿ ನೋಡಿ ಅದಕ್ಕೆ ಒಳ್ಳೆಯ ಅಭ್ಯಾಸವೂ ಆಗಿತ್ತು.

ನೊರೆ ಅಂದರೆ ಅಂಟುವಾಳಕಾಯಿಯ ನೊರೆ. ಸೋಪಿನ ಪುಡಿಯ ನೊರೆ ಬೇಗ ಒಡೆಯುತ್ತದೆ, ಅಂಟುವಾಳದ್ದು ಅಂಟಿಕೊಂಡು ಕೂರುತ್ತದೆ. ನಮ್ಮ ಮ್ಯಾನೇಜರ್ ವರದರಾಜನ್ ಬಂದ ಹೊಸದರಲ್ಲಿ ಇದು ನಾಚಿಕೆಗೇಡು ಎಂದು ಹೊರಗಿನಿಂದ ಟೆಸ್ಟಿಂಗ್ ಲಿಕ್ವಿಡ್ ತರಿಸಿದರು. ನೀಲಿ ಬಾಟಲಿ, ಮೇಲೆ ಇಂಗ್ಲಿಷು. ಅದು ಹದಿನೈದು ದಿನಕ್ಕೆ ಮುಗಿಯಿತು. ನಾನು ಅದೇ ಬಾಟಲಿಗೆ ಅಂಟುವಾಳದ ನೀರು ತುಂಬಿ ಇಟ್ಟೆ. ಏಳು ವರ್ಷ ಆ ಒಂದೇ ಬಾಟಲಿ ನಡೆಯಿತು. ಬಂದ ಗಿರಾಕಿಗಳಿಗೆಲ್ಲ ವರದರಾಜನ್ ಅದನ್ನು ಎತ್ತಿ ತೋರಿಸಿ, ಒಳ್ಳೆಯ ಸಾಮಾನು ಬಳಸಿದರೆ ಎಷ್ಟು ಬಾಳಿಕೆ ಬರುತ್ತದೆ ನೋಡಿ ಎನ್ನುತ್ತಿದ್ದರು.

ಇನ್ನು ನನ್ನ ತಪ್ಪುಗಳು. ಒಂದನ್ನು ಹೇಳಿದರೆ ಸಾಕು, ಉಳಿದವು ಅದರ ತಮ್ಮ ತಂಗಿಯರು. ಕೊಳತ್ತೂರಿಗೆ ಹೋಗಲು ನನಗೆ ಐದೂವರೆಯ ಬಸ್ಸು. ಅದು ತಪ್ಪಿದರೆ ಮುಂದಿನದಕ್ಕೆ ತುಂಬ ಕಾಯಬೇಕು. ಒಂದು ಶನಿವಾರ ಧರ್ಮಪುರಿ ಕಡೆಯ ಡೈರಿಗೆ ಹೋಗಬೇಕಿದ್ದ ಟ್ಯಾಂಕಿಗೆ ನೊರೆ ಬಳಿದು ಕೂತಿದ್ದೆ. ಗಂಟೆ ಐದೂ ಕಾಲು. ಒಂದು ಮೂಲೆಯಲ್ಲಿ ನೊರೆ ಸ್ವಲ್ಪ ಅಲುಗಿದ ಹಾಗಿತ್ತು. ಗಾಳಿಗೆ ಇರಬೇಕು ಅಂದುಕೊಂಡೆ. ಬಸ್ಸು ಸಿಕ್ಕಿತು. ಎಂಟು ದಿನಕ್ಕೆ ಟ್ಯಾಂಕು ವಾಪಸ್ ಬಂತು, ಒಳಗೂ ಹೊರಗೂ ಮೊಸರಿನ ವಾಸನೆ ಹೊತ್ತುಕೊಂಡು. ಅದನ್ನು ಮೂರು ದಿನ ತೊಳೆದವನೂ ನಾನೇ. ಆ ವಾರ ನನ್ನ ಪಕ್ಕ ಬಸ್ಸಿನಲ್ಲಿ ಯಾರೂ ಕೂರಲಿಲ್ಲ. ಹೊಸಬರಿಗೆ ಹೇಳುವುದು ಇಷ್ಟೇ: ಗುಳ್ಳೆ ತನ್ನ ಹೊತ್ತಿಗೆ ಏಳುತ್ತದೆ, ಅದಕ್ಕೆ ನಿಮ್ಮ ಬಸ್ಸಿನ ಟೈಮು ಗೊತ್ತಿಲ್ಲ.

ಆ ಟ್ಯಾಂಕು ವಾಪಸ್ ಬಂದಾಗ ವರದರಾಜನ್ ನನ್ನ ಒಂದು ಅಭ್ಯಾಸವನ್ನು ಹಿಡಿದರು. ನಮ್ಮ ಕಡೆ ಮನೆಯಿಂದ ಹೊರಡುವವರಿಗೆ ಹೋಗು ಎಂದು ಹೇಳುವುದಿಲ್ಲ. ಹೋಗಿ ಬಾ ಎನ್ನುತ್ತೇವೆ. ಬರೀ ಹೋಗು ಅಂದರೆ ಹೋದವರು ಹಾಗೇ ಹೋಗಿಬಿಡುತ್ತಾರೆ ಎಂದು ಭಯ. ತಮಿಳರಲ್ಲೂ ಹಾಗೇ. ಶೆಡ್ಡಿನಿಂದ ಹೊರಡುವ ಪ್ರತಿ ಜಾಬಿಗೂ, ಅಂದರೆ ನಾವು ಮಾಡಿ ಕಳಿಸುವ ಪ್ರತಿ ಸಾಮಾನಿಗೂ, ನಾನು ಹೆಬ್ಬೆಟ್ಟಿನಲ್ಲಿ ಒಂದು ಬೊಟ್ಟು ಮಾದಪ್ಪನ ವಿಭೂತಿ ಒತ್ತಿ "ಓಗ್ಬುಟ್ಟು ಬಾ" ಎಂದು ಕಳಿಸುತ್ತಿದ್ದೆ. ಹಸುವನ್ನು ಮಾರಿದಾಗಲೂ ನಮ್ಮಪ್ಪ ಹಾಗೇ ಮಾಡುತ್ತಿದ್ದ.

"ಯೋವ್ ನಂಜಪ್ಪಾ," ಅಂದರು ವರದರಾಜನ್, "ನೀನು ಬಾ ಬಾ ಅಂತ ಕರೆದರೆ ಅದು ವರಾಮೆ ಎನ್ನ ಪಣ್ಣುಂ? ಬರದೆ ಇನ್ನೇನು ಮಾಡುತ್ತೆ? ಇನಿಮೇ ಅಂದ ವಾರ್ತೆಯೇ ಸೊಲ್ಲಕ್ಕೂಡಾದು, ಇನ್ನು ಆ ಮಾತೇ ಆಡಕೂಡದು."

"ಹೋಗು ಅನ್ನಕ್ಕಾಗುತ್ತಾ ಸಾರ್?"

ಅವರಿಗೂ ಆ ಮಾತು ಬಾಯಿಗೆ ಬರಲಿಲ್ಲ. "ಏನೂ ಹೇಳಬೇಡ," ಎಂದರು. ಮಾರನೆಯ ದಿನ ನೋಟಿಸ್ ಬೋರ್ಡಿನಲ್ಲಿ ಸುತ್ತೋಲೆ ಬಂತು, ಹೊರಡುವ ಜಾಬುಗಳೊಡನೆ ಯಾರೂ ಮಾತಾಡಕೂಡದು ಎಂದು. ಆಮೇಲೆ ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಜಾಬುಗಳು ಮೊದಲಿನಷ್ಟೇ ವಾಪಸ್ ಬರುತ್ತಿದ್ದವು.

ನಾನು ನಿವೃತ್ತನಾಗುವ ವರ್ಷ ರಾಕೆಟ್ಟಿನವರು ಬಂದರು. ಸರ್ಕಾರದ ರಾಕೆಟ್ಟಲ್ಲ, ಖಾಸಗಿ ಕಂಪನಿಯದು. ಮುಂದೆ ಬೇರೆಯವರ ಉಪಗ್ರಹಗಳನ್ನು ಬಾಡಿಗೆಗೆ ಹೊತ್ತೊಯ್ಯುವುದು ಅವರ ಉದ್ದೇಶ, ನಮ್ಮ ಲಾರಿಗಳವರ ಹಾಗೆ. ಅದಕ್ಕೆ ಮೊದಲು ಒಂದು ಪರೀಕ್ಷೆಯ ಹಾರಾಟ. ಆಕಾಶದ ಅಂಚಿನವರೆಗೆ ಹೋಗಿ, ಕೆಲವು ನಿಮಿಷದಲ್ಲಿ ಸಮುದ್ರಕ್ಕೆ ಬೀಳಬೇಕು. ಅದು ಆದರೆ ಕಂಪನಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಆ ರಾಕೆಟ್ಟಿನಲ್ಲಿ ದ್ರವ ಆಮ್ಲಜನಕದ ಟ್ಯಾಂಕು ಇರುತ್ತದೆ. ಅದರೊಳಗಿನ ದ್ರವವನ್ನು ಇಂಜಿನ್ನಿಗೆ ಒತ್ತಿ ತಳ್ಳಲು ಗ್ಯಾಸು ಬೇಕು. ಆ ಗ್ಯಾಸನ್ನು ತುಂಬಿಡುವ ಲೋಹದ ಗೋಳ ನಮ್ಮ ಪಾಲಿಗೆ ಬಂತು. ದೊಡ್ಡ ಬೂದುಗುಂಬಳದಷ್ಟು ಗಾತ್ರ, ಮೇಲೆ ಒಂದು ಬಾಯಿ. ಶೆಡ್ಡಿನಲ್ಲಿ ಅದಕ್ಕೆ ಗುಂಡು ಎಂದು ಹೆಸರಾಯಿತು. ನನ್ನ ಹೆಂಡತಿ ಪುಟ್ಟಮ್ಮ ಊರಿನಲ್ಲಿ, ನಮ್ಮನೆಯವರು ಈಗ ಗುಂಡು ಮಾಡ್ತಾವ್ರೆ ಎಂದು ಹೇಳಿದಳು. ಗುಂಡು ಅಂದರೆ ನಮ್ಮೂರಿನವರಿಗೆ ಬಾಂಬು. ಒಂದು ವಾರ ಜನ ನನ್ನ ಊಟದ ಚೀಲದಿಂದ ದೂರ ನಿಂತರು.

ಕೆಲಸ ನೋಡಿಕೊಳ್ಳಲು ಕಂಪನಿಯಿಂದ ಕವಿತಾ ಎಂಬ ಇಂಜಿನಿಯರ್ ಬಂದಳು. ಇಪ್ಪತ್ತಾರು ಇಪ್ಪತ್ತೇಳು ವಯಸ್ಸು, ತಮಿಳು ಇಂಗ್ಲಿಷು ಬಿಟ್ಟರೆ ಬೇರೆ ಮಾತಿಲ್ಲ. ಶೆಡ್ಡಿನ ಒಂದು ಮೂಲೆಗೆ ಪ್ಲಾಸ್ಟಿಕ್ ಪರದೆ ಕಟ್ಟಿಸಿ, ಎ.ಸಿ. ಹಾಕಿಸಿ, ಒಳಗೆ ಹೋಗುವವರು ಕೈಕಾಲು ತೊಳೆದು ಬಿಳೀ ಕೋಟು, ಟೋಪಿ, ಮಾಸ್ಕು, ಗ್ಲೌಸು ಹಾಕಬೇಕೆಂದಳು. ಗುಂಡನ್ನು ಬರಿಗೈಲಿ ಮುಟ್ಟಕೂಡದು. ಎಣ್ಣೆ, ಗ್ರೀಸು ಹತ್ತಿರ ಸುಳಿಯಕೂಡದು. ಎರಡೇ ದಿನಕ್ಕೆ ಅದಕ್ಕೆ ಮಡಿರೂಮು ಎಂದು ಹೆಸರು ಬಿತ್ತು. ತಲೆಗೆ ಎಣ್ಣೆ ಹಚ್ಚಿಕೊಂಡು ಬರಬಾರದು ಎಂದಾಗ ಪುಟ್ಟಮ್ಮನಿಗೆ ಸಿಟ್ಟೇ ಬಂತು. "ನೀನು ತಲೆಗೆ ಎಣ್ಣೆ ಆಕ್ಕಂಡ್ರೆ ರಾಕೆಟ್ಟು ಓಗಾಕಿಲ್ವಾ?" ಎಂದು ಕೇಳಿದಳು.

ನನ್ನ ನೊರೆಗೂ ಅಲ್ಲಿ ಪ್ರವೇಶ ಇರಲಿಲ್ಲ. ಹೀಲಿಯಂ ಗ್ಯಾಸು ತುಂಬಿ, ಮೂಗಿನಂಥ ಕೊಳವೆ ಇರುವ ಮಿಷನ್ನಿನಿಂದ ಸುತ್ತ ಮೂಸಿಸಬೇಕು. ಸೋರಿದರೆ ಮಿಷನ್ನು ಕೂಗುತ್ತದೆ. ಮೂವತ್ತೈದು ವರ್ಷ ಕಣ್ಣಿನಿಂದ ಮಾಡಿದ ಕೆಲಸವನ್ನು ಮೂಗಿನಿಂದ ಮಾಡಲು ಕಲಿತೆ. ಸುಳ್ಳು ಹೇಳುವುದಿಲ್ಲ, ಅದು ನನಗಿಂತ ಚೆನ್ನಾಗಿ ಮಾಡುತ್ತಿತ್ತು. ಅದಕ್ಕೆ ಹಿಡಿಯಬೇಕಾದ ಬಸ್ಸೂ ಇರಲಿಲ್ಲ.

ಒಂದು ಮಧ್ಯಾಹ್ನ ಕವಿತಾ ಪರದೆಯ ಆಚೆ ನಿಂತು ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದಳು. "ಕೆಂಚಿ ಈಯ್ತಾ ಅವ್ವ? ಎಷ್ಟು ಮರಿ?" ಅಂದದ್ದು ಕೇಳಿಸಿತು. ಅವಳು ಫೋನಿಟ್ಟಾಗ ನಾನು, "ಎಷ್ಟು ಮರಿ ಅಂತೆ?" ಅಂದೆ. ಬೆಚ್ಚಿದಳು. ಅವಳದು ನಲ್ಲಂಪಳ್ಳಿ ಪಕ್ಕದ ಹಳ್ಳಿ, ಮನೆಯಲ್ಲಿ ಕುರಿ ಸಾಕುತ್ತಾರೆ. ಮನೆಮಾತು ನಮ್ಮದೇ.

"ಎರಡು ಮರಿ ದೊಡ್ಡಪ್ಪಾ," ಅಂದಳು. ಆಮೇಲೆ ಸುತ್ತ ನೋಡಿ, "ಇಲ್ಲಿ ಬ್ಯಾಡ. ನಾವು ಏನೋ ಗುಟ್ಟು ಮಾತಾಡ್ತಾ ಇದೀವಿ ಅನ್ಕಂತಾರೆ," ಎಂದು ಮತ್ತೆ ತಮಿಳಿಗೆ ಹೋದಳು.

ಎಣ್ಣೆ ಏಕೆ ಬೇಡ ಎಂದು ಅವಳೇ ಹೇಳಿದ್ದಳು. ಗುಂಡಿನ ಗ್ಯಾಸು ಹೋಗುವುದೇ ಆಮ್ಲಜನಕದ ಟ್ಯಾಂಕಿಗೆ, ಅಲ್ಲಿ ಒಂದು ತೊಟ್ಟು ಎಣ್ಣೆ ಸೇರಿದರೆ ಬೆಂಕಿಕಡ್ಡಿಯೇ ಬೇಕಾಗಿಲ್ಲ, ತಾನಾಗಿ ಹೊತ್ತಿಕೊಳ್ಳಬಹುದು. ನಾನು ತಲೆಯಾಡಿಸಿದೆ. ಗುಂಡು ಹೊರಡುವ ಸೋಮವಾರ ಕಾಗದದಲ್ಲಿ ಎಣ್ಣೆ ಸೋಕಿಲ್ಲ ಎಂಬ ಸಾಲಿನ ಮುಂದೆ ಟಿಕ್ ಹಾಕಿ ಸೈನು ಮಾಡಿದೆ. ಕೆಳಗೆ ಅವಳೂ ಸೈನು ಮಾಡಿ ಊಟಕ್ಕೆ ಹೋದಳು. ರೂಮಿನಲ್ಲಿ ಗುಂಡು ಮತ್ತು ನಾನು ಇಬ್ಬರೇ. ನನ್ನ ಕೈಯಿಂದ ಹೊರಡುವ ಕೊನೆಯ ಜಾಬು ಅದು. ಅಷ್ಟು ದೂರ ಹೋಗುವುದನ್ನು ಗ್ಲೌಸು ಹಾಕಿದ ಕೈಯಿಂದ ಹೇಗೆ ಕಳಿಸುವುದು? ಬಲಗೈ ಗ್ಲೌಸು ತೆಗೆದೆ. ಸೊಂಟದಲ್ಲಿದ್ದ ವಿಭೂತಿ ಪೊಟ್ಟಣ ಬಿಚ್ಚಿದೆ. ಹೊರಗೆ ಬಳಿದರೆ ಕವಿತಾ ಕಂಡುಹಿಡಿಯುತ್ತಾಳೆಂದು ಬಾಯಿಯ ಮುಚ್ಚಳ ತಿರುಗಿಸಿ, ಒಳ ಅಂಚಿಗೆ ಹೆಬ್ಬೆಟ್ಟು ಒತ್ತಿ, "ಓಗ್ಬುಟ್ಟು ಬಾ" ಎಂದು ಮುಚ್ಚಿದೆ. ಮನಸ್ಸು ತುಂಬಿಬಂತು. ಯಾರೂ ನೋಡಲಿಲ್ಲ ಎಂದು ಖುಷಿಯೂ ಆಯಿತು.

ಅದರ ಮುಂದಿನ ಸೋಮವಾರ ಸಂಜೆ ಮನೆಯಲ್ಲಿ ಮಾದಪ್ಪನ ಪಟದ ಮುಂದೆ ಬತ್ತಿ ಹೊಸೆಯುತ್ತಿದ್ದೆ. ಪುಟ್ಟಮ್ಮ ಒಳಗಿನಿಂದ, "ದೀಪಕ್ಕೆ ಎಣ್ಣೆ ಸಾಕಾ, ಇನ್ನೊಸಿ ತರ‍್ಲಾ?" ಅಂದಳು.

ನನ್ನ ಕೈ ನಿಂತುಹೋಯಿತು. ಶೆಡ್ಡಿನ ದೇವರ ಗೂಡಿಗೆ ಪ್ರತಿ ಸೋಮವಾರ ದೀಪ ಹಚ್ಚುವವನು ನಾನು. ಗುಂಡು ಹೊರಟ ದಿನವೂ ಅದೇ ಹೆಬ್ಬೆಟ್ಟಿನಲ್ಲಿ ಎಳ್ಳೆಣ್ಣೆಯ ಬತ್ತಿ ತೀಡಿ, ಪ್ಯಾಂಟಿಗೆ ಒರೆಸಿಕೊಂಡು, ಗ್ಲೌಸು ಹಾಕಿಕೊಂಡು ಮಡಿರೂಮಿಗೆ ಹೋಗಿದ್ದೆ. ನನ್ನ ತಲೆಯೊಳಗೆ ಎಣ್ಣೆ ಅಂದರೆ ಮಿಷನ್ನಿನ ಎಣ್ಣೆ, ತಲೆಯ ಎಣ್ಣೆ. ದೀಪದ ಎಣ್ಣೆ ಎಣ್ಣೆಯೇ ಅಲ್ಲ, ಅದು ದೀಪ. ಮಡಿಯಲ್ಲಿ ಅದು ಮೈಲಿಗೆಯಾಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಬೆಳಗ್ಗೆ ವರದರಾಜನ್ ಅವರಿಗೆ ಹೇಳಿದೆ. ಅವರ ಮುಖ ನನ್ನ ಮುಖಕ್ಕಿಂತ ಬೇಗ ಬಿಳಿಚಿಕೊಂಡಿತು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಅಲ್ಲಿ ಅವರು ಮತ್ತೆ ತೊಳೆಯದೆ ಬಿಡುತ್ತಾರಾ? ಸುಮ್ಮಾ ಇರುಯ್ಯಾ. ಇನ್ನು ಮೂರು ವಾರಕ್ಕೆ ರಿಟೈರು. ಮುದಲಾಳಿ ನಿನಗೆ ಶಾಲು ತರಿಸಿದ್ದಾರೆ, ಸ್ಟೇಜು ಹಾಕುತ್ತಾರೆ. ಈಗ ಬಾಯಿ ಬಿಟ್ಟು ಎಲ್ಲ ಕೆಡಿಸಬೇಡ."

"ತೊಳೀದೆ ಇದ್ರೆ ಸಾರ್?"

ಅವರು ಹಣೆ ಒರೆಸಿಕೊಂಡರು. ಅಷ್ಟು ವರ್ಷದಲ್ಲಿ ಆ ಮನುಷ್ಯ ನನ್ನ ತಪ್ಪಿಗೆ ಬೈಯದೆ ಬಿಟ್ಟದ್ದು ಅದೊಂದೇ ಸಲ. ಏಕೆಂದು ಆಮೇಲೆ ತಿಳಿಯಿತು.

ಮಧ್ಯಾಹ್ನದವರೆಗೆ ನಾನೂ ಸುಮ್ಮನಿದ್ದೆ. ತೊಳೆದೇ ತೊಳೆಯುತ್ತಾರೆ ಎಂದು ನೂರು ಸಲ ಹೇಳಿಕೊಂಡೆ. ಶೆಡ್ಡಿನ ಧಣಿಯೇ ಹೊದಿಸುವ ಶಾಲು ಬೇಕು ಅನ್ನಿಸಿದ್ದೂ ನಿಜ. ಜೀವಮಾನದಲ್ಲಿ ಯಾರೂ ನನಗೆ ಶಾಲು ಹೊದಿಸಿರಲಿಲ್ಲ. ಆದರೆ ಆ ಡೈರಿಯ ಟ್ಯಾಂಕು ನೆನಪಾಯಿತು. ಅಂದೂ ನೊರೆ ಅಲುಗಿದ್ದನ್ನು ಕಂಡು ಗಾಳಿಗೆ ಇರಬೇಕು ಅಂದುಕೊಂಡಿದ್ದೆ. ಅಂದು ಹಾಳಾದದ್ದು ಹಾಲು. ಇಲ್ಲಿ ರಾಕೆಟ್ಟಿನ ಸುತ್ತ ಕವಿತಾಳ ಹಾಗಿನ ಎಷ್ಟೋ ಮಕ್ಕಳು ಓಡಾಡುತ್ತಿದ್ದಾರೆ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಪಕ್ಕ ನಿಂತು ಅವಳಿಗೆ ಫೋನು ಮಾಡಿದೆ. ತಮಿಳಿನಲ್ಲೇ ಶುರುಮಾಡಿದೆ, ಆದರೆ ತಪ್ಪೊಪ್ಪಿಕೊಳ್ಳಲು ಆ ಮಾತು ಒದಗಲಿಲ್ಲ.

"ಕವಿತವ್ವ, ನಾನೊಂದು ತಪ್ಪು ಮಾಡಿವ್ನಿ," ಎಂದು ಎಲ್ಲ ಹೇಳಿದೆ.

ಆ ಕಡೆ ಅವಳು ಕಾಗದ ತಿರುವಿದ ಸದ್ದು ಕೇಳಿಸಿತು.

"ಯಾವ ಬೆಳ್ಳು ದೊಡ್ಡಪ್ಪಾ?"

"ಎಬ್ಬೆಟ್ಟು."

"ಒಳಗಾ, ಒರಗಾ?"

"ಬಾಯೊಳಗೆ. ಅಂಚಿಗೆ."

"ಗುಂಡು ಜೋಡಿಸಾಗೈತೆ. ಇಲ್ಲಿ ಬಾಯಿ ಬಿಚ್ಚಿ ತೊಳೆಯೋದಿಲ್ಲ, ಮಡಿರೂಮಿಂದ ಬಂದೈತೆ ಅಂತ ನಂಬಿ ಅಂಗೇ ಆಕ್ತೀವಿ. ನೀನು ಸೈನ್ ಮಾಡಿದ್ದೆ. ನಿನ್ ಮೇಲೆ ನಂಬ್ಕೆ ಇಕ್ಕಿ ನಾನೂ ಮಾಡ್ದೆ."

"ಊಂ ಕಣವ್ವ."

ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಫೋನು ಇಡುವ ಮೊದಲು ಅವಳು, "ಈಗ್ಲಾದ್ರೂ ಏಳ್ದೆಯಲ್ಲ, ಸದ್ಯ," ಅಂದಳು.

ಎರಡು ದಿನದ ಮೇಲೆ ಟಿವಿಯಲ್ಲಿ, ತಾಂತ್ರಿಕ ಕಾರಣದಿಂದ ಹಾರಾಟ ಮುಂದೂಡಲಾಗಿದೆ ಎಂದು ಬಂತು. ಟೀ ಅಂಗಡಿಯಲ್ಲಿ ಜನ ಆ ಕಾರಣ ಏನಿರಬಹುದೆಂದು ಚರ್ಚೆ ಮಾಡುತ್ತಿದ್ದರು. ತಾಂತ್ರಿಕ ಕಾರಣ ಅವರ ಪಕ್ಕದ ಬೆಂಚಿನಲ್ಲಿ ಕೂತು ವಡೆ ತಿನ್ನುತ್ತಿತ್ತು.

ಗುಂಡಿನ ಬಾಯಿ ಬಿಚ್ಚಿ ತೆಗೆದ ಫೋಟೊ ಮುದಲಾಳಿಯ ಫೋನಿಗೆ ಬಂತು. ಎಲ್ಲರನ್ನೂ ಕರೆದು ತೋರಿಸಿದರು. ಒಳ ಅಂಚಿನ ಎಡಕ್ಕೆ ನನ್ನ ಹೆಬ್ಬೆಟ್ಟು, ವಿಭೂತಿಯ ಗೆರೆಗೆರೆಯಾಗಿ, ಎಣ್ಣೆಯ ಮಿರುಗಿನೊಂದಿಗೆ ಸ್ಪಷ್ಟವಾಗಿತ್ತು. ಬಲಕ್ಕೆ ದುಂಡಗೆ ಒಂದು ಕುಂಕುಮದ ಬೊಟ್ಟು.

"ಇದೆಲ್ಲ ನಿನ್ನದಾ?" ಎಂದರು ಮುದಲಾಳಿ.

"ಒಂದು ನನ್ನದು," ಎಂದೆ.

ದೇವರ ಗೂಡಿನ ಕುಂಕುಮದ ಭರಣಿಯನ್ನು ಮುಟ್ಟುವವರು ಶೆಡ್ಡಿನಲ್ಲಿ ಒಬ್ಬರೇ. ಆ ಒಬ್ಬರು ಆಗ ತಲೆಯೆತ್ತಿ ಫ್ಯಾನು ಎಷ್ಟು ಸುತ್ತು ತಿರುಗುತ್ತದೆ ಎಂದು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ಗುಂಡು ಹೊರಟ ದಿನ ನಾನು ಮುಚ್ಚಳ ಮುಚ್ಚಿದ ಮೇಲೆ, ಡಿಸ್ಪ್ಯಾಚ್ ಕಾಗದ ತಾ ಎಂದು ವರದರಾಜನ್ ನನ್ನನ್ನು ಆಫೀಸಿಗೆ ಕಳಿಸಿದ್ದು ನೆನಪಾಯಿತು. ಮುದಲಾಳಿ ಮತ್ತೆ ಕೇಳಲಿಲ್ಲ.

ಗುಂಡು ವಾಪಸ್ ಬಂತು. ಹೋಗಿ ಬಾ ಅಂದಿದ್ದೆನಲ್ಲ, ಬಂತು. ನನಗೆ ಮಡಿರೂಮಿಗೆ ಪ್ರವೇಶ ನಿಷೇಧವಾಯಿತು. ಕವಿತಾ ತಾನೇ ಕೂತು ಅದನ್ನು ತೊಳೆದಳು, ಒರೆಸಿದಳು, ಮಿಷನ್ನಿನಿಂದ ಮೂಸಿಸಿದಳು. ಅದು ಎರಡನೆಯ ಸಲ ಹೊರಟ ದಿನವೇ ನನ್ನ ನಿವೃತ್ತಿಯೂ ಆಯಿತು. ಶಾಲು ಹೊದಿಸಿದರು, ತಂದಾಗಿತ್ತಲ್ಲ. ಸ್ಟೇಜು ಇರಲಿಲ್ಲ, ಭಾಷಣವನ್ನೂ ಯಾರೂ ಮಾಡಲಿಲ್ಲ. ಆ ಶಾಲು ಹೊದ್ದುಕೊಂಡೇ ನಾನು ಪರದೆಯ ಹೊರಗೆ ಕೈ ಹಿಂದಕ್ಕೆ ಕಟ್ಟಿ ನಿಂತೆ. ಪಕ್ಕದಲ್ಲಿ ವರದರಾಜನ್, ಅವರೂ ಕೈ ಹಿಂದಕ್ಕೆ ಕಟ್ಟಿದ್ದರು. ಇಬ್ಬರೂ ಏನೂ ಹೇಳಲಿಲ್ಲ. ಒಳಗೆ ಕವಿತಾ ಮುಚ್ಚಳ ಬಿಗಿಮಾಡುವಾಗ ಅವಳ ಮಾಸ್ಕು ಒಂದಿಷ್ಟು ಅಲುಗಿದ್ದು ಕಂಡಿತು.

ಹಾರಾಟವನ್ನು ಮನೆಯಲ್ಲಿ ಫೋನಿನಲ್ಲಿ ನೋಡಿದೆ. ಎಣಿಕೆ ಮುಗಿಯುವಾಗ ನನ್ನ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡಿದ್ದೆ. ಬೆಂಕಿ ಕೆಳಗೆ ಎಲ್ಲಿ ಬರಬೇಕೋ ಅಲ್ಲೇ ಬಂತು. ಮೇಲೆ ಹೋಯಿತು, ಕಾಣದಾಯಿತು. ಕೆಲವು ನಿಮಿಷ ಕಳೆದು ಅಲ್ಲಿದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ನಾನು ಅತ್ತುಬಿಟ್ಟೆ.

"ಓಯ್ತಾ?" ಅಂದಳು ಪುಟ್ಟಮ್ಮ.

"ಓಯ್ತು."

"ಯಾವಾಗ ಬತ್ತದೆ?"

"ಬರಾಕಿಲ್ಲ. ಸಮುದ್ರಕ್ಕೆ ಬಿತ್ತು."

"ಅಷ್ಟು ಮಡಿ ಮಾಡಿ ಸಮುದ್ರಕ್ಕೆ ಆಕುದ್ರಾ?" ಎಂದು ಅವಳು ರಾಗಿ ಹಿಟ್ಟು ಜರಡಿ ಹಿಡಿಯಲು ಹೋದಳು.

ಎರಡು ತಿಂಗಳಾದ ಮೇಲೆ ವರದರಾಜನ್ ಅವರ ಫೋನು. "ನಂಜಪ್ಪಾ, ರಿಟರ್ನ್ ವಂದಿರುಕ್ಕು. ಉಡನೇ ವಾ."

ನಿವೃತ್ತನಾದ ಮೇಲೂ, ವಾಪಸ್ ಬಂದಿದೆ, ಕೂಡಲೇ ಬಾ ಎಂಬ ಮಾತು ಕೇಳಿ ಎದ್ದುನಿಂತೆ. ಮುಂದಿನ ಬಸ್ಸಿಗೆ ಹೋದೆ. ಕವಿತಾ ಬಂದಿದ್ದಳು. ಮೇಜಿನ ಮೇಲೆ ಗುಂಡು. ಒಂದು ಪಕ್ಕ ಸುಟ್ಟು ನೀಲಿಯಾಗಿತ್ತು, ಇನ್ನೊಂದು ಪಕ್ಕ ತಗ್ಗಾಗಿತ್ತು, ಮೈಮೇಲೆ ಕಡಲ ಪಾಚಿ. ಮೀನುಗಾರರ ಬಲೆಗೆ ಸಿಕ್ಕಿತ್ತಂತೆ. ರಾಕೆಟ್ಟಿನ ಉಳಿದ ಭಾಗವೆಲ್ಲ ಮುಳುಗಿಹೋಗಿತ್ತು.

"ಬಾಯಿನ ವಾಲ್ವು ಕೊನೇಲಿ ತಾನೇ ಮುಚ್ಕಂಡೈತೆ. ಒಳಕ್ಕೆ ಒಂದು ತೊಟ್ಟು ನೀರೂ ಓಗಿಲ್ಲ. ಅದ್ಕೇ ತೇಲ್ಕಂಡಿತ್ತು," ಅಂದಳು ಕವಿತಾ. ಶೆಡ್ಡಿನವರೆಲ್ಲರ ಮುಂದೆ, ಗಟ್ಟಿಯಾಗಿ, ಕನ್ನಡದಲ್ಲಿ. "ಮಾಸ್ಕೊಳಗೆ ಏನಂದೆ ಗೊತ್ತಾ ದೊಡ್ಡಪ್ಪಾ? ಓಗು ಅಂತ ಅನ್ಬೇಕು ಅನ್ಕಂಡಿದ್ದೆ. ಬಾಯಿ ಬರ‍್ಲಿಲ್ಲ. ಓಗ್ಬುಟ್ಟು ಬಾ ಅಂದ್ಬುಟ್ಟೆ."

ಇನ್ನು ಅದಕ್ಕೆ ಮಡಿಯ ಹಂಗಿರಲಿಲ್ಲ. ವರದರಾಜನ್ ಬೀರುವಿನಿಂದ ಹಳೆಯ ನೀಲಿ ಬಾಟಲಿಯನ್ನು ತಾವೇ ತಂದು ನನ್ನ ಮುಂದೆ ಇಟ್ಟರು. ನಾನು ಗುಂಡಿಗೆ ಗಾಳಿ ತುಂಬಿ, ಅಂಟುವಾಳದ ನೊರೆ ಬಳಿದು, ಸ್ಟೂಲು ಎಳೆದುಕೊಂಡು ಕೂತೆ. ಆ ಶೆಡ್ಡಿಗೆ ನನ್ನ ಕಾಲದಲ್ಲಿ ವಾಪಸ್ ಬಂದದ್ದೆಲ್ಲ ಸೋರಿದ್ದಕ್ಕೆ ಬಂದಿತ್ತು. ಇದೊಂದು ಸೋರದೆ ಇದ್ದುದಕ್ಕೆ ಬಂದಿತ್ತು. ವರದರಾಜನ್ ಜೇಬಿನಿಂದ ಕುಂಕುಮದ ಪೊಟ್ಟಣ ತೆಗೆದು ಈ ಸಲ ಎಲ್ಲರೂ ನೋಡುವ ಹಾಗೆ ಕೈಯಲ್ಲಿ ಹಿಡಿದುಕೊಂಡು, ನಾನು ಸರಿ ಅನ್ನುವುದನ್ನೇ ಕಾಯುತ್ತಾ ನಿಂತರು.

ನೊರೆ ಅಲುಗಲಿಲ್ಲ. ಹೊರಗೆ ಐದೂವರೆಯ ಬಸ್ಸು ಹಾರನ್ನು ಹೊಡೆದು ಹೋಯಿತು. ನಾನು ಏಳದೆ ನೋಡುತ್ತಾ ಕೂತೆ.